ಜೈಲಿನ ಭೇಟಿ ಯಾರ ದಯೆಯೂ ಅಲ್ಲ

ಮನೆಯವರೊಬ್ಬರು ಜೈಲು ಸೇರಿದರೆ ಸಲಹೆ ಕೊಡುವವರಿಗೆ ಬರವಿಲ್ಲ. ನೋಡಲು ಕೋರ್ಟಿನ ಆರ್ಡರ್ ಬೇಕು, ವಕೀಲರಿಲ್ಲದೆ ಒಳಗೆ ಬಿಡೋಲ್ಲ, ಗೇಟಿನಲ್ಲಿ ಕೈ ಬಿಸಿ ಮಾಡದಿದ್ದರೆ ಕೆಲಸ ಆಗೋಲ್ಲ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇದನ್ನೆಲ್ಲ ನಂಬಿ ಊರಿಂದ ಹೊರಡದೇ ಉಳಿದುಬಿಡುವ ತಾಯಂದಿರಿದ್ದಾರೆ. ಅವರಿಗಾಗಿಯೇ ಈ ಮಾತು.

‘ಕೋರ್ಟಿನ ಅನುಮತಿ ಬೇಕು’

ಬೇಡ. ಪರಪ್ಪನ ಅಗ್ರಹಾರವಿರಲಿ, ಬೆಳಗಾವಿಯ ಹಿಂಡಲಗಾ ಇರಲಿ, ನ್ಯಾಯಾಂಗ ಬಂಧನದಲ್ಲಿರುವವರ ಸಂದರ್ಶನಕ್ಕೆ ಅನುಮತಿ ಕೊಡುವವರು ಜೈಲಿನ ಅಧೀಕ್ಷಕರು. (ಪೊಲೀಸ್ ಕಸ್ಟಡಿಯ ಮಾತು ಬೇರೆ.) ಆಧಾರ್‌ನಂಥ ಗುರುತಿನ ಚೀಟಿ ಜೊತೆಗಿರಲಿ. ಬಂದಿಯ ಹೆಸರು, ತಂದೆಯ ಹೆಸರು, ಗೊತ್ತಿದ್ದರೆ ಬಂದಿ ಸಂಖ್ಯೆ ಬರೆದುಕೊಂಡು ಹೋಗಿ. ಇ-ಪ್ರಿಸನ್ಸ್ ಜಾಲತಾಣದ ‘ಇ-ಮುಲಾಕಾತ್’ನಲ್ಲಿ ಮೊದಲೇ ಹೆಸರು ನೋಂದಾಯಿಸಬಹುದು. ವಿಡಿಯೊ ಭೇಟಿಗೂ ಅಲ್ಲೇ ಅರ್ಜಿ, ಶುಲ್ಕವಿಲ್ಲ. ವಿಚಾರಣಾಧೀನರಿಗೂ ಸಜಾ ಬಂದಿಗಳಿಗೂ ಎಷ್ಟು ದಿನಕ್ಕೊಮ್ಮೆ ಸಂದರ್ಶನ ಎಂಬ ನಿಯಮ ಒಂದೇ ಅಲ್ಲ. ಹಾಗಾಗಿ ಹೊರಡುವ ಮುನ್ನ ಜೈಲಿಗೆ ಫೋನ್ ಮಾಡಿ ದಿನ, ಸಮಯ ಕೇಳಿಕೊಂಡರೆ ದೂರದ ಪ್ರಯಾಣ ವ್ಯರ್ಥವಾಗದು.

‘ಬಿಟ್ಟರೆ ಅವರ ದೊಡ್ಡತನ’

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಗೇಟಿನ ಮುಂದೆ ಕೈ ಮುಗಿದು ನಿಲ್ಲುವ ಹಿರಿಯರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. 1981ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಎಂಬ ಬ್ರಿಟಿಷ್ ಮಹಿಳೆ ಮುನ್ನೆಚ್ಚರಿಕೆ ಬಂಧನದಡಿ ತಿಹಾರ್ ಜೈಲಿನಲ್ಲಿದ್ದರು. ಅವರಿಗೆ ಸುಮಾರು ಐದು ವರ್ಷದ ಮಗಳು. ಆ ಮಗುವನ್ನು ಸೋದರಿ ನೋಡಿಕೊಳ್ಳುತ್ತಿದ್ದಳು. ತಾಯಿ-ಮಗಳ ಭೇಟಿಗೆ ಸಿಕ್ಕಿದ್ದು ತಿಂಗಳಿಗೆ ಒಂದೇ ಅವಕಾಶ. ಮನೆಯವರನ್ನು, ಸ್ನೇಹಿತರನ್ನು ಕಾಣುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಆ ನಿರ್ಬಂಧವನ್ನು ರದ್ದುಗೊಳಿಸಿ, ವಾರಕ್ಕೆ ಕನಿಷ್ಠ ಎರಡು ಭೇಟಿ ಕೊಡಬೇಕೆಂದಿತು. ಎರಡು ಎಂಬ ಲೆಕ್ಕ ಆ ಬಗೆಯ ಬಂಧನಕ್ಕೆ ಹೇಳಿದ್ದು, ಎಲ್ಲ ಬಂದಿಗಳಿಗೂ ಅದೇ ಲೆಕ್ಕವಿಲ್ಲ. ಆದರೆ ಹಕ್ಕು ಎಂಬ ಮಾತು ಎಲ್ಲರದು. ಭದ್ರತೆಯ ಕಾರಣಕ್ಕೆ ಅಧೀಕ್ಷಕರು ನಿರಾಕರಿಸುವುದುಂಟು. ಆಗ ಕಾರಣವನ್ನು ಬರಹದಲ್ಲಿ ಕೇಳಿ.

‘ಹೋದರೆ ನಮ್ಮ ಹೆಸರೂ ಕೇಸಿಗೆ ಸೇರುತ್ತದೆ’

ಇಲ್ಲ. ಹೆಸರು, ವಿಳಾಸ ಬರೆಸಿಕೊಳ್ಳುವುದು ಜೈಲಿನ ಸಂದರ್ಶಕರ ಪುಸ್ತಕಕ್ಕೆ. ಆಪ್ತರನ್ನು ನೋಡಿಬರುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಅಪರಾಧವಾಗುವುದು ಮೊಬೈಲ್, ಸಿಮ್, ಗಾಂಜಾ ಒಳಗೆ ಸಾಗಿಸಿದರೆ. ಪಕ್ಕದವರು ‘ಇದೊಂದು ಪೊಟ್ಟಣ ಕೊಟ್ಬಿಡಿ ಅಕ್ಕಾ’ ಎಂದರೆ ಮುಟ್ಟಲೇಬೇಡಿ. ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯೂ ತಾನಾಗಿ ಒಳಗೆ ಹೋಗುವುದಿಲ್ಲ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು.

‘ಅಲ್ಲಿ ಎಲ್ಲಾ ಮಾತಾಡಬಹುದು’

ಸಂದರ್ಶನದ ಜಾಗದಲ್ಲಿ ನಡುವೆ ಜಾಲರಿಯೋ ಗಾಜೋ ಇರುತ್ತದೆ. ಹತ್ತಾರು ಮನೆಯವರು ಒಟ್ಟಿಗೆ ಕೂಗಿ ಮಾತಾಡುತ್ತಿರುತ್ತಾರೆ, ಸಿಬ್ಬಂದಿ ಅಲ್ಲೇ ಇರುತ್ತಾರೆ. ಮನೆ, ಮಕ್ಕಳು, ಔಷಧಿ ವಿಷಯ ಮಾತಾಡಿ. ಕೇಸಿನ ಒಳಸುದ್ದಿ ಬೇಡ. ಅದನ್ನು ವಕೀಲರಿಗೆ ಬಿಡಿ. ವಕೀಲರ ಭೇಟಿಯನ್ನು ಸಿಬ್ಬಂದಿ ದೂರದಿಂದ ನೋಡಬಹುದೇ ಹೊರತು ಮಾತು ಕೇಳಿಸಿಕೊಳ್ಳುವಂತಿಲ್ಲ.

‘ಮಕ್ಕಳನ್ನು ಕರೆದೊಯ್ಯಬಾರದು’

ಕಾನೂನಿನ ಅಡ್ಡಿಯೇನೂ ಇಲ್ಲ. ‘ಅಪ್ಪ ದುಬೈಗೆ ಹೋಗಿದ್ದಾರೆ’ ಎಂದು ಸುಳ್ಳು ಹೇಳುವ ಮನೆಗಳ ಸಂಕಟ ಅರ್ಥವಾಗುತ್ತದೆ. ಆದರೆ ಶಾಲೆಯಲ್ಲಿ ಇನ್ಯಾರದೋ ಬಾಯಿಂದ ನಿಜ ಕೇಳುವುದಕ್ಕಿಂತ ಅಪ್ಪನ ಮುಖ ಕಂಡು ತಿಳಿಯುವುದು ಮಗುವಿಗೆ ಒಳ್ಳೆಯದೆಂದೇ ನನ್ನ ನಂಬಿಕೆ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು, ಅವರ ತಪ್ಪು ಸಾಬೀತಾಗಿಲ್ಲ. ತಾಯಿಯೇ ಬಂದಿಯಾದರೆ ಆರು ವರ್ಷದೊಳಗಿನ ಮಗು ಅವಳ ಜೊತೆ ಇರಬಹುದೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗೇಟಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಅಧೀಕ್ಷಕರಿಗೆ ಬರೆದುಕೊಡಿ, ಲೋಕಾಯುಕ್ತಕ್ಕೂ ದೂರು ಕೊಡಬಹುದು. ವಕೀಲರನ್ನಿಡಲು ಹಣವಿಲ್ಲವೆಂದು ಕೈಚೆಲ್ಲಿ ಕೂರಬೇಡಿ. ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಸಹಾಯವಾಣಿಯ ಸಂಖ್ಯೆ 15100.