ಮೊದಲು ನಿಮ್ಮ ಮಾಸ್ಕ್, ಆಮೇಲೆ ಮಗುವಿನದು

ರಕ್ತದೊತ್ತಡ ಪರೀಕ್ಷೆಗೆಂದು ನನ್ನ ಬಳಿ ಬರುವ ಹಿರಿಯರೊಬ್ಬರು ಇತ್ತೀಚೆಗೆ ನಾಲ್ಕು ವರ್ಷದ ಮೊಮ್ಮಗನೊಂದಿಗೆ ಮೊದಲ ಬಾರಿ ವಿಮಾನದಲ್ಲಿ ಹೋಗಿ ಬಂದರು. ಬಂದವರೇ ನನ್ನ ಮುಂದೆ ಒಂದು ಪ್ರಶ್ನೆ ಇಟ್ಟರು.

“ಡಾಕ್ಟ್ರೇ, ಗಾಳಿ ಕಡಿಮೆಯಾದರೆ ಮೊದಲು ನೀವು ಮಾಸ್ಕ್ ಹಾಕ್ಕೊಳ್ಳಿ, ಆಮೇಲೆ ಮಗುವಿಗೆ ಹಾಕಿ ಅಂತ ಆ ಗಗನಸಖಿ ಹೇಳಿದಳು. ಎಲ್ಲಾದರೂ ಇದೆಯಾ? ಮಗುವನ್ನು ಬಿಟ್ಟು ನಾನು ಉಸಿರಾಡೋದಾ?”

ಅಜ್ಜಿಯ ಮನಸ್ಸಿಗೆ ಸಹಜವಾಗಿ ತೋಚುವ ಮಾತು ಇದು. ಆದರೆ ವಿಮಾನದಲ್ಲಿ ಈ ಸಹಜ ಬುದ್ಧಿಯೇ ಇಬ್ಬರ ಪ್ರಾಣಕ್ಕೂ ಕುತ್ತಾಗಬಹುದು. ಹೇಗೆಂದು ನೋಡೋಣ.

ಮೇಲೆ ಗಾಳಿ ತೆಳು

ದೊಡ್ಡ ವಿಮಾನಗಳು ಸುಮಾರು 35,000 ಅಡಿ ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಕಾಲು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಿ, ಒಳಗಿನ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಅಲ್ಲಿ ನಿಂತು ಉಸಿರಾಡಿದಂತೆ ಎಂದುಕೊಳ್ಳಿ.

ಯಾವುದೋ ಕಾರಣಕ್ಕೆ ಈ ಒತ್ತಡ ಹೋಯಿತೆನ್ನಿ. 35,000 ಅಡಿಯಲ್ಲಿ ಆಮ್ಲಜನಕದ ನೆರವಿಲ್ಲದೆ ಮನುಷ್ಯ ಯೋಚಿಸಿ ಕೆಲಸ ಮಾಡಬಲ್ಲ ಅವಧಿ ಕೇವಲ 30ರಿಂದ 60 ಸೆಕೆಂಡು. ಒತ್ತಡ ಒಮ್ಮೆಲೇ ಹೋದರೆ ಅದಕ್ಕಿಂತಲೂ ಕಡಿಮೆ. ಪ್ರಜ್ಞೆ ತಪ್ಪುವುದಕ್ಕೆ ಮೊದಲೇ ವಿವೇಚನೆ ತಪ್ಪುತ್ತದೆ ಎಂಬುದನ್ನು ಮರೆಯಬಾರದು.

ಇದರಲ್ಲಿ ಇನ್ನೊಂದು ಮೋಸವಿದೆ. ಉಸಿರು ಕಟ್ಟಿದಂತೆ ನಮಗೆ ಅನಿಸುವುದು ಹೆಚ್ಚಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ಆಮ್ಲಜನಕ ಮಾತ್ರ ಕಡಿಮೆಯಾದಾಗ ಅಂಥ ಸಂಕಟ ಕಾಣದೇ ಇರಬಹುದು. ಕೆಲವರಿಗೆ ಹಾಯೆನಿಸುವುದೂ ಉಂಟು. ಸಕ್ಕರೆ ಅಂಶ ತೀರಾ ಇಳಿದ ಮಧುಮೇಹಿ, ಮನೆಯವರು ಕೊಟ್ಟ ಸಕ್ಕರೆ ನೀರನ್ನು ತಳ್ಳಿ “ನನಗೇನೂ ಆಗಿಲ್ಲ” ಎಂದು ರೇಗುವುದನ್ನು ನೀವು ನೋಡಿರಬಹುದು. ಇಲ್ಲಿಯೂ ಹಾಗೆಯೇ. ಕೆಟ್ಟದ್ದನ್ನು ಗುರುತಿಸಬೇಕಾದ ಮಿದುಳೇ ಕೆಟ್ಟಿರುತ್ತದೆ.

ಈಗ ಅಜ್ಜಿಯ ಲೆಕ್ಕ ಮಾಡೋಣ. ತಾನು ಮಾಸ್ಕ್ ಹಾಕಿಕೊಳ್ಳಲು ಕೆಲವೇ ಸೆಕೆಂಡು ಸಾಕು. ಆಮೇಲೆ ಕೈ ಹಿಡಿತದಲ್ಲಿರುತ್ತದೆ. ಮಗು ಅಷ್ಟರಲ್ಲಿ ಮಂಕಾಗಿದ್ದರೂ ಆಮ್ಲಜನಕ ಸಿಕ್ಕ ಕೂಡಲೇ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಬದಲಿಗೆ ಮೊದಲು ಮಗುವಿಗೇ ಹಾಕಲು ಹೊರಟರೆ? ಹೆದರಿದ ಮಗು ಕೊಸರಾಡುತ್ತದೆ, ಅಳುತ್ತದೆ, ಮಾಸ್ಕನ್ನು ಕಿತ್ತೆಸೆಯುತ್ತದೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಅಜ್ಜಿಯ ಕೈ ಮಾತು ಕೇಳುವುದಿಲ್ಲ. ನಾಲ್ಕು ವರ್ಷದ ಮಗು ಅಜ್ಜಿಗೆ ಮಾಸ್ಕ್ ಹಾಕಬಲ್ಲದೇ?

ಪೈಲಟ್ ಕೂಡ ಮನುಷ್ಯನೇ

ಪಳಗಿದವರಿಗೂ ಈ ಮೋಸ ತಪ್ಪಿದ್ದಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಾಕಾದಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಸಂಸ್ಥೆಯ ವಿಮಾನದಲ್ಲಿ ಗಾಳಿಯ ಒತ್ತಡದ ಸ್ವಿಚ್ಚು ಇರಬೇಕಾದ ಸ್ಥಾನದಲ್ಲಿರಲಿಲ್ಲ. ವಿಮಾನ ಏರುತ್ತಿದ್ದಂತೆ ಎಚ್ಚರಿಕೆಯ ಸದ್ದು ಕೇಳಿಸಿತು. ಅದೇ ಸದ್ದನ್ನು ಬೇರೊಂದು ದೋಷದ ಎಚ್ಚರಿಕೆಗೂ ಬಳಸುತ್ತಿದ್ದುದರಿಂದ ಪೈಲಟ್‌ಗಳು ಅದನ್ನು ತಪ್ಪಾಗಿ ತಿಳಿದರು. ಕಾರಣ ಹುಡುಕುತ್ತಿದ್ದಾಗಲೇ ಆಮ್ಲಜನಕ ಇಳಿದು ಅವರ ಪ್ರಜ್ಞೆ ತಪ್ಪಿತು. ವಿಮಾನ ತಾನಾಗಿಯೇ ಹಾರಿ, ಇಂಧನ ತೀರಿ, ಅಥೆನ್ಸ್ ಬಳಿಯ ಬೆಟ್ಟಕ್ಕೆ ಬಿತ್ತು. ಒಳಗಿದ್ದ 121 ಮಂದಿಯೂ ಸತ್ತರು.

ನಮ್ಮ ಮಂಗಳೂರಿನ 2010ರ ಮೇ 22ರ ದುರಂತದಲ್ಲಿ ಕಾರಣ ಬೇರೆ, ಮೋಸ ಅದೇ. ದುಬೈಯಿಂದ ಬಂದ ಆ ವಿಮಾನದ ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರೆಂದು ತನಿಖಾ ವರದಿ ಹೇಳಿತು. ನಿದ್ದೆಯಿಂದ ಎದ್ದ ಮೇಲೂ ಸ್ವಲ್ಪ ಹೊತ್ತು ಮಿದುಳು ಮಂಪರಿನಲ್ಲಿರುತ್ತದೆ. ವಿಮಾನ ಸರಿಯಾದ ಎತ್ತರದಲ್ಲಿಲ್ಲವೆಂದು ಕಂಡ ಸಹ ಪೈಲಟ್, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಬಾರಿ ಹೇಳಿದರೂ ಇಳಿಸುವ ಯತ್ನ ನಿಲ್ಲಲಿಲ್ಲ. 158 ಮಂದಿ ಸತ್ತರು, ಎಂಟು ಮಂದಿ ಉಳಿದರು.

ರಾತ್ರಿ ಕಾರಿನಲ್ಲಿ ಮಲಗಿದ್ದವರನ್ನು ಎಬ್ಬಿಸಿ ಆ ಕ್ಷಣವೇ ಸ್ಟಿಯರಿಂಗ್ ಕೊಡುವ ನಮ್ಮ ಅಭ್ಯಾಸಕ್ಕೂ ಇದು ಪಾಠ. ಎದ್ದವರು ಮುಖ ತೊಳೆದು, ನಾಲ್ಕು ಹೆಜ್ಜೆ ನಡೆದು, ಕನಿಷ್ಠ ಅರ್ಧ ಗಂಟೆ ಬಿಟ್ಟು ಓಡಿಸಲಿ. ಪಕ್ಕದಲ್ಲಿದ್ದವರು “ನಿಲ್ಲಿಸಿ” ಎಂದರೆ ವಾದ ಮಾಡದೆ ನಿಲ್ಲಿಸಲಿ.

ಮೊದಲೇ ತೀರ್ಮಾನಿಸಿ

ಹಾಗಾದರೆ ಉಪಾಯವೇನು? ಗಾಬರಿಯಲ್ಲಿ ಯೋಚಿಸುವ ಶಕ್ತಿಯನ್ನು ನಂಬಬೇಡಿ. ಯೋಚನೆಯನ್ನು ಮೊದಲೇ ಮುಗಿಸಿಡಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವು ರನ್‌ವೇಯಲ್ಲಿದ್ದ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿದ್ದ ಐವರು ಸತ್ತರು. ಆದರೆ ದೊಡ್ಡ ವಿಮಾನದ 379 ಮಂದಿಯೂ ಜೀವಸಹಿತ ಹೊರಬಂದರು. ಎಂಟು ಬಾಗಿಲುಗಳಲ್ಲಿ ಬಳಸಲು ಸಾಧ್ಯವಾದದ್ದು ಮೂರೇ. ಸಿಬ್ಬಂದಿಗೆ ಅಭ್ಯಾಸವಿತ್ತು, ಪ್ರಯಾಣಿಕರು ಅವರ ಮಾತು ಕೇಳಿದರು, ಸಾಮಾನು ಬಿಟ್ಟು ಇಳಿದರು.

ವಿಮಾನ ಹತ್ತುವ ಕುಟುಂಬಗಳು ಇಷ್ಟನ್ನು ನೆನಪಿಡಿ:

1. ಮಾಸ್ಕ್ ಕೆಳಗೆ ಬಿದ್ದರೆ ಕಾರಣ ಕೇಳುತ್ತಾ ಕೂರಬೇಡಿ. ನಿಮ್ಮ ಕಡೆ ಎಳೆಯಿರಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಹಾಕಿಕೊಳ್ಳಿ, ಕೂಡಲೇ ಮಗುವಿಗೆ ಹಾಕಿ. ಅದರ ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರಬಹುದು, ತೆಗೆಯಬೇಡಿ.

2. ಆಗ ವಿಮಾನ ವೇಗವಾಗಿ ಕೆಳಗಿಳಿಯುತ್ತದೆ. ಬೀಳುತ್ತಿದೆಯೆಂದು ಹೆದರಬೇಡಿ. ಉಸಿರಾಡಬಹುದಾದ ಗಾಳಿ ಇರುವ ಎತ್ತರಕ್ಕೆ, ಅಂದರೆ ಸುಮಾರು 10,000 ಅಡಿಗೆ, ಪೈಲಟ್ ಇಳಿಸುತ್ತಿರುತ್ತಾರೆ.

3. ಕುಳಿತ ಕೂಡಲೇ ಹತ್ತಿರದ ತುರ್ತು ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದು, ಕೈಯಿಂದ ಸೀಟು ಮುಟ್ಟಿ ಎಣಿಸಬಹುದು.

4. ಇಬ್ಬರು ಮಕ್ಕಳಿದ್ದರೆ ಯಾರ ಹೊಣೆ ಯಾರದೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಳ್ಳಿ.

5. ಇಳಿಯಲು ಹೇಳಿದಾಗ ಬ್ಯಾಗ್ ಮುಟ್ಟಬೇಡಿ. ನಿಮ್ಮ ಹಿಂದೆ ಇನ್ನೊಬ್ಬರ ಮಗು ಕಾಯುತ್ತಿರುತ್ತದೆ. ಆಸ್ತಮಾದ ಇನ್‌ಹೇಲರ್, ತೀರಾ ಅಗತ್ಯವಾದ ಮಾತ್ರೆ, ಮಧುಮೇಹಿಗಳಿಗೆ ಸಕ್ಕರೆ ಇವೆಲ್ಲ ಜೇಬಿನಲ್ಲಿರಲಿ.

6. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಬೇಡ, ಮದ್ಯವೂ ಬೇಡ. ವಿಮಾನ ಏರುವಾಗ, ಇಳಿಯುವಾಗ ಎಚ್ಚರವಾಗಿರಿ.

ಇಂಥ ಪ್ರಸಂಗಗಳು ತೀರಾ ಅಪರೂಪ. ಹೆದರಿ ಪ್ರಯಾಣ ಬಿಡಬೇಕಿಲ್ಲ. ಗಗನಸಖಿಯ ಆ ಎರಡು ಮೂರು ನಿಮಿಷದ ಮಾತನ್ನು ಪ್ರತಿ ಸಲವೂ ಗಮನವಿಟ್ಟು ಕೇಳಿದರೆ ಸಾಕು.

ಇಷ್ಟನ್ನೂ ಕೇಳಿದ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಮೊದಲು ಹಾಕ್ಕೊಳ್ಳೋದೂ ಮಗುವಿಗೋಸ್ಕರವೇ ಅನ್ನಿ” ಎಂದರು. ಹೌದಮ್ಮ, ಅದೇ ಸರಿ ಎಂದೆ.