ಪ್ರಭುಗಳ ಮನೆಗೆ ಬಸ್ಸಿನ ಅತಿಥಿಗಳು

ಇಂಗ್ಲೆಂಡಿನ ವೈಭವವನ್ನು ಕಾಣಬೇಕೆನ್ನುವವರು ಸಾಮಾನ್ಯವಾಗಿ ಲಂಡನ್ನಿನಲ್ಲೇ ನಿಂತುಬಿಡುತ್ತಾರೆ. ಆದರೆ ಆ ನಾಡಿನ ಪ್ರಭುವಂಶಗಳು ತಮ್ಮ ಸಿರಿಯನ್ನು ಮನಸಾರೆ ಮೆರೆಸಿದ್ದು ಹಳ್ಳಿಗಾಡಿನ ಹುಲ್ಲುಗಾವಲುಗಳ ನಡುವೆ ಕಟ್ಟಿಸಿದ ಮಹಾಗೃಹಗಳಲ್ಲಿ. ಇವುಗಳನ್ನು ನೋಡಲು ಅತ್ಯಂತ ಸುಲಭವಾದ ಮಾರ್ಗವೆಂದರೆ ಬಸ್ಸಿನ ಪ್ರವಾಸ. ಪ್ರಯಾಣ, ವಸತಿ, ಬೆಳಗಿನ ಉಪಾಹಾರ, ರಾತ್ರಿಯ ಊಟ ಎಲ್ಲವೂ ಒಂದೇ ಹಣದಲ್ಲಿ ಸೇರಿರುತ್ತವೆ. ಗಂಟುಮೂಟೆ ಹೊರುವ ಕಷ್ಟವಿಲ್ಲ, ದಾರಿ ವಿಚಾರಿಸುವ ಗೋಜಿಲ್ಲ. ಆದ್ದರಿಂದಲೇ ಇಂಥ ಬಸ್ಸುಗಳಲ್ಲಿ ನಿವೃತ್ತ ದಂಪತಿಗಳೇ ಹೆಚ್ಚು.

ಮೂರು ದಿನಗಳ ಬಿಡುವಿದ್ದರೆ ಮಧ್ಯ ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತವೊಂದೇ ಸಾಕು. ಅಲ್ಲಿ ನಾಲ್ಕು ಮನೆಗಳಿವೆ. ಅವುಗಳನ್ನು ಕಟ್ಟಿಸಿದವರು ಯಾರೆಂಬುದನ್ನು ಮಾರ್ಗದರ್ಶಕರು ಹೇಳುತ್ತಾರೆ. ಅವು ಇನ್ನೂ ನಿಂತಿರುವುದು ಯಾರಿಂದ ಎಂಬುದನ್ನು ಪ್ರವಾಸಿಯೇ ಕೇಳಿಕೊಳ್ಳಬೇಕು.

ಗಾಜಿನ ಗರ್ವ

ಮೊದಲನೆಯದು ಗುಡ್ಡದ ನೆತ್ತಿಯ ಮೇಲಿರುವ ಹಾರ್ಡ್‌ವಿಕ್ ಹಾಲ್. ಜನರ ಬಾಯಲ್ಲಿ ‘ಹಾರ್ಡ್‌ವಿಕ್ಕಿನ ಬೆಸ್’ ಎಂದೇ ಹೆಸರಾದ ಕೌಂಟೆಸ್ ಎಲಿಜಬೆತ್ ಇದನ್ನು 1590ರಿಂದ 1597ರವರೆಗೆ ಕಟ್ಟಿಸಿದಳು. ಸಾಧಾರಣ ಜಮೀನುದಾರರ ಮನೆಯಲ್ಲಿ ಹುಟ್ಟಿದ ಈಕೆ ನಾಲ್ಕು ಬಾರಿ ಮದುವೆಯಾಗಿ, ನಾಲ್ಕು ಬಾರಿಯೂ ವಿಧವೆಯಾಗಿ, ದೇಶದ ಮಹಾ ಶ್ರೀಮಂತರಲ್ಲೊಬ್ಬಳಾದಳು. ಗಾಜು ಬಲು ದುಬಾರಿಯಾಗಿದ್ದ ಆ ಕಾಲದಲ್ಲಿ ಮನೆಯ ಮುಖವನ್ನೆಲ್ಲ ಕಿಟಕಿಗಳಿಂದ ತುಂಬಿಸಿದಳು. ಅಂತಸ್ತು ಏರಿದಂತೆ ಕಿಟಕಿಗಳೂ ಎತ್ತರವಾಗುತ್ತವೆ. ದೂರದಿಂದಲೇ ಕಾಣಲೆಂದು ಗೋಪುರಗಳ ತುದಿಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ನಿಲ್ಲಿಸಿದಳು!

ಬೀಗ ಕಾಪಾಡಿದ ಮನೆ

ಎರಡನೆಯ ದಿನ ವೈ ನದಿಯ ದಡದ ಹ್ಯಾಡನ್ ಹಾಲ್. ಇದನ್ನು ರಕ್ಷಿಸಿದ್ದು ಉಪೇಕ್ಷೆ ಎಂದರೆ ವಿಚಿತ್ರವೆನಿಸಬಹುದು. ಸುಮಾರು 1700ರ ವೇಳೆಗೆ ಒಡೆಯರು ಇದನ್ನು ತೊರೆದು ಬೇರೆಡೆ ನೆಲೆಸಿದರು. ಇನ್ನೂರು ವರ್ಷಗಳವರೆಗೆ ಯಾವ ಹೊಸ ಶೋಕಿಯೂ ಒಳಗೆ ಕಾಲಿಡಲಿಲ್ಲ. 1920ರ ದಶಕದಲ್ಲಿ ರಟ್‌ಲೆಂಡಿನ ಒಂಬತ್ತನೆಯ ಡ್ಯೂಕ್ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ 14ನೆಯ ಶತಮಾನದ ಭೋಜನಶಾಲೆ, ಹಳೆಯ ಅಡುಗೆಮನೆ, ಸವೆದ ಮೆಟ್ಟಿಲುಗಳು ಹಾಗೆಯೇ ಇದ್ದವು.

ಬಾರದ ಚಕ್ರವರ್ತಿ

ಹ್ಯಾಡನ್ನಿನಿಂದ ಕೆಲವೇ ಮೈಲಿಗಳಾಚೆ ಡೆವನ್‌ಷೈರಿನ ಡ್ಯೂಕರ ಚಾಟ್ಸ್‌ವರ್ತ್ ಇದೆ. ರಷ್ಯದ ಚಕ್ರವರ್ತಿ ಒಂದನೆಯ ನಿಕೊಲಸ್ ಆಗಮಿಸುವನೆಂದು 1844ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಇಲ್ಲೊಂದು ಕಾರಂಜಿಯನ್ನು ನಿರ್ಮಿಸಿದ. ಗುಡ್ಡದ ಮೇಲೆ ಕೆರೆ ತೋಡಿಸಿ, ಕೇವಲ ನೀರಿನ ಇಳಿಜಾರಿನ ಬಲದಿಂದಲೇ 250 ಅಡಿಗೂ ಮೀರಿ ಚಿಮ್ಮುವಂತೆ ಮಾಡಿದ. ಚಕ್ರವರ್ತಿ ಬರಲೇ ಇಲ್ಲ. ಆತನಿಗಾಗಿ ಕಟ್ಟಿದ ಕಾರಂಜಿಯನ್ನು ಇಂದು ಬಸ್ಸಿನಿಂದಿಳಿದ ಅಜ್ಜಿಯರು ಬುತ್ತಿ ಬಿಚ್ಚಿಕೊಂಡು ನೋಡುತ್ತಾರೆ.

ಈ ಮನೆಯ ಮೇಲೆ ಬಂದೆರಗಿದ ವಿಪತ್ತು ಸಾಮಾನ್ಯವಾದುದಲ್ಲ. ಹತ್ತನೆಯ ಡ್ಯೂಕರ ಹಿರಿಯ ಮಗ 1944ರಲ್ಲಿ ಯುದ್ಧಕ್ಕೆ ಬಲಿಯಾದ. 1950ರಲ್ಲಿ ಡ್ಯೂಕರೂ ತೀರಿಕೊಂಡರು. ಆಸ್ತಿಯನ್ನು ಕಿರಿಯ ಮಗನಿಗೆ ಮೊದಲೇ ವರ್ಗಾಯಿಸಿದ್ದರೂ, ಕಾನೂನು ವಿಧಿಸಿದ್ದ ಐದು ವರ್ಷಗಳು ತುಂಬಲು ಇನ್ನೂ ಕೆಲವು ವಾರಗಳು ಉಳಿದಿದ್ದವು! ಶೇಕಡಾ 80ರ ಮರಣೋತ್ತರ ತೆರಿಗೆ ಬಿತ್ತು. ಜಮೀನುಗಳು ಮಾರಾಟವಾದವು, ರೆಂಬ್ರಾಂಟ್, ಹೋಲ್‌ಬೈನ್‌ರಂಥವರ ಕೃತಿಗಳು ಕೈಬಿಟ್ಟವು. ಮೊದಲ ದಿನ ನಾವು ಕಂಡ ಹಾರ್ಡ್‌ವಿಕ್ ಕೂಡ ಇದೇ ಮನೆತನದ್ದಾಗಿದ್ದು, ಅದೂ ಈ ತೆರಿಗೆಗಾಗಿಯೇ ಹೋಗಿ, 1959ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶವಾಯಿತು. ಋಣ ಪೂರ್ತಿ ತೀರಿದ್ದು 1974ರಲ್ಲಿ. 1981ರಲ್ಲಿ ಚಾಟ್ಸ್‌ವರ್ತನ್ನು ನೋಡಿಕೊಳ್ಳಲು ಧರ್ಮದತ್ತಿಯೊಂದು ಸ್ಥಾಪಿತವಾಯಿತು. ಪೂರ್ವಜರು ಕಟ್ಟಿಸಿದ ಮನೆಯಲ್ಲಿ ವಾಸಿಸಲು ಆ ಕುಟುಂಬ ಈಗ ದತ್ತಿಗೆ ಬಾಡಿಗೆ ಕೊಡುತ್ತದೆ.

ಮೈಸೂರಿನ ನೆನಪು

ಕೊನೆಯ ದಿನ ಡರ್ಬಿ ನಗರದ ಸಮೀಪದ ಕೆಡಲ್‌ಸ್ಟನ್. ರಾಬರ್ಟ್ ಆಡಮ್ ರೂಪಿಸಿದ ಇದರ ಒಳಾಂಗಣದಲ್ಲಿ 20 ಹಾಲುಗಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಕಲ್ಕತ್ತೆಯನ್ನು ಕಂಡವರಿಗೆ ಈ ಮನೆ ಎಲ್ಲೋ ನೋಡಿದಂತೆ ತೋರಿದರೆ ಆಶ್ಚರ್ಯವಿಲ್ಲ: 1803ರಲ್ಲಿ ಮುಗಿದ ಅಲ್ಲಿನ ಗವರ್ನರ್ ಜನರಲ್ಲರ ಭವನಕ್ಕೆ, ಅಂದರೆ ಇಂದು ಪಶ್ಚಿಮ ಬಂಗಾಳದ ರಾಜ್ಯಪಾಲರ ನಿವಾಸಕ್ಕೆ, ಇದೇ ಮಾದರಿ. ಲಾರ್ಡ್ ಕರ್ಜನ್ ಹುಟ್ಟಿದ್ದು ಇಲ್ಲಿ. 1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟ ವೈಸರಾಯ್ ಇವರೇ. 1903ರ ದೆಹಲಿ ದರ್ಬಾರಿನಲ್ಲಿ ಅವರ ಪತ್ನಿ ಉಟ್ಟ ನವಿಲುಡುಗೆ ಇಲ್ಲಿನ ಸಂಗ್ರಹದಲ್ಲಿದೆ. ಅದರ ಮೇಲೆ ಚಿನ್ನದ ಎಳೆಯಿಂದಲೂ ಜೀರುಂಡೆಯ ಹಸಿರು ರೆಕ್ಕೆಗಳಿಂದಲೂ ನವಿಲುಗರಿಗಳನ್ನು ಅರಳಿಸಿದವರು ನಮ್ಮ ದೇಶದ ಕಸೂತಿಗಾರರು.

ಮನೆಯ ಪಕ್ಕದಲ್ಲಿ ಒಂಟಿಯಾಗಿ ನಿಂತಿರುವ ಹಳೆಯ ಚರ್ಚನ್ನು ನೋಡದೆ ಬರಬಾರದು. ಒಮ್ಮೆ ಅದರ ಸುತ್ತ ಒಂದು ಹಳ್ಳಿಯಿತ್ತು. ಹೊಸ ಮನೆಗೂ ಉದ್ಯಾನಕ್ಕೂ ಅಡ್ಡಿಯೆಂದು 18ನೆಯ ಶತಮಾನದಲ್ಲಿ ಪ್ರಭುಗಳು ಆ ಹಳ್ಳಿಯನ್ನೇ ಎತ್ತಿಸಿದರು. ಉಳಿದದ್ದು ಚರ್ಚು ಮಾತ್ರ. 1987ರಿಂದ ಈ ಮನೆಯೂ ನ್ಯಾಷನಲ್ ಟ್ರಸ್ಟಿನದು.

ಹೊರಡುವವರಿಗೆ ಒಂದು ಕಿವಿಮಾತು: ಚಳಿಗಾಲದಲ್ಲಿ ಇಂಥ ಮನೆಗಳ ಎಷ್ಟೋ ಕೋಣೆಗಳು ಮುಚ್ಚಿರುತ್ತವೆ, ದಿನಗಳನ್ನು ವಿಚಾರಿಸಿಕೊಂಡೇ ಹೊರಡಬೇಕು. ನಡಿಗೆಗೆ ಒಗ್ಗಿದ ಪಾದರಕ್ಷೆ ಇರಲಿ.

ಸಂಜೆ ಬಸ್ಸು ಹೊರಡುವಾಗ ಹಿಂತಿರುಗಿ ನೋಡಿದರೆ ಆ ಚರ್ಚು ಮತ್ತೆ ಕಾಣುತ್ತದೆ. ತಮ್ಮ ಕಣ್ಣಿಗೆ ಬೀಳಬಾರದೆಂದು ಪ್ರಭುಗಳು ದೂರ ಸರಿಸಿದ್ದು ಸಾಮಾನ್ಯ ಜನರನ್ನು. ಇಂದು ಮಾಡಿನ ಸೋರಿಕೆಯನ್ನು ನಿಲ್ಲಿಸಲು ನೆರವಾಗುತ್ತಿರುವುದೂ ಬಾಗಿಲಲ್ಲಿ ಟಿಕೆಟು ಕೊಳ್ಳುವ ಅಂಥ ಸಾಮಾನ್ಯ ಜನರೇ.