ತಿನ್ನುವ ಅಂಟು

ಕನ್ನಡದಲ್ಲಿ 'ಅಂಟು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಹರಿದ ಹಾಳೆಯನ್ನು ಕೂಡಿಸುವ ಪದಾರ್ಥವೂ ಅಂಟು. ಬಾಣಂತಿಗೆ ಕಟ್ಟಿಕೊಡುವ ಉಂಡೆಯಲ್ಲಿ ಸೇರುವ, ಮರದಿಂದ ಒಸರಿ ಗಟ್ಟಿಯಾದ ಹರಳೂ ಅಂಟು. ಗೋಕಾಕ ಮತ್ತು ಅಮೀನಗಡಗಳ ಹೆಸರನ್ನು ನಾಡಿನಲ್ಲೆಲ್ಲ ಹರಡಿದ ಕರದಂಟಿನಲ್ಲಿ ತುಪ್ಪದಲ್ಲಿ ಕರಿದು ಅರಳಿಸಿದ ಅಂಟು ಇರುತ್ತದೆ. ಆ ತಿನಿಸಿಗೆ ಹೆಸರು ಬಂದುದೂ ಅದರಿಂದಲೇ. ಆದ್ದರಿಂದ ಅಂಟನ್ನು ತಿನ್ನಬಹುದೆಂಬುದು ನಮಗೆ ಹೊಸ ಸಂಗತಿಯಲ್ಲ. ಆದರೆ ತಿನ್ನಲು ಬರುವ ಅಂಟೇ ತಿನಿಸಿನ ಬಿಡಿಭಾಗಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುವ ಕಲೆಯೊಂದಿದೆ. ಅದು ಕೇಕಿನ ಅಲಂಕಾರದ ಕಲೆ.

ಬೆಂಗಳೂರಿನಲ್ಲಿ 1970ರ ದಶಕದಿಂದ ಕ್ರಿಸ್‌ಮಸ್ ಹಬ್ಬದ ಕಾಲದಲ್ಲಿ ಕೇಕ್ ಪ್ರದರ್ಶನವೊಂದು ನಡೆದುಕೊಂಡು ಬಂದಿದೆ. ಪ್ರಸಿದ್ಧ ಕಟ್ಟಡಗಳು, ಪ್ರಾಣಿಗಳು, ಹೂವುಗಳು ಅಲ್ಲಿ ಸಕ್ಕರೆಯಲ್ಲಿ ಮೈದಳೆಯುತ್ತವೆ. ಅವುಗಳನ್ನು ನೋಡಿದವರು ಬಣ್ಣವನ್ನು ಮೆಚ್ಚುತ್ತಾರೆ, ಆಕಾರವನ್ನು ಮೆಚ್ಚುತ್ತಾರೆ. ಅಷ್ಟು ಭಾಗಗಳನ್ನು ಹಿಡಿದು ನಿಲ್ಲಿಸಿರುವ ವಸ್ತು ಯಾವುದೆಂದು ವಿಚಾರಿಸುವವರು ಕಡಮೆ.

ಇಂತಹ ಅಲಂಕಾರಕ್ಕೆ ಬಳಸುವ ಸಕ್ಕರೆಯ ಮೆದುವಾದ ಕಣಕಕ್ಕೆ ಫಾಂಡೆಂಟ್ ಎಂದು ಹೆಸರು. ನುಣ್ಣಗೆ ಅರೆದ ಸಕ್ಕರೆಗೆ ಗ್ಲೂಕೋಸ್ ಪಾಕ, ಗ್ಲಿಸರಿನ್, ತುಸು ಜಿಡ್ಡು, ಜೆಲಾಟಿನ್ ಅಥವಾ ಸಸ್ಯಜನ್ಯವಾದ ಅಂಟು ಇವುಗಳನ್ನು ಸೇರಿಸಿ ನಾದಿದರೆ ಹೋಳಿಗೆಯ ಕಣಕದಂತಹ ಮುದ್ದೆ ಸಿದ್ಧವಾಗುತ್ತದೆ. ಅದನ್ನು ಲಟ್ಟಿಸಿ ಕೇಕಿಗೆ ಹೊದಿಸಬಹುದು. ಕತ್ತರಿಸಿ ಎಲೆ, ಎಸಳು, ಗೊಂಬೆಗಳನ್ನು ಮಾಡಬಹುದು. ಸಂಕ್ರಾಂತಿಯ ಸಕ್ಕರೆ ಅಚ್ಚುಗಳನ್ನು ನಾವು ಪಾಕ ಎರೆದು ಇಡಿಯ ತುಂಡಾಗಿಯೇ ತೆಗೆಯುತ್ತೇವೆ. ಅಲ್ಲಿ ಅಂಟಿನ ಅಗತ್ಯವಿಲ್ಲ. ಫಾಂಡೆಂಟಿನ ಗುಲಾಬಿಯಾದರೋ ಎಸಳಿಗೆ ಎಸಳು ಸೇರಿ ಆಗಬೇಕಾದುದು. ಆ ಸೇರುವೆ ಗಟ್ಟಿಯಾಗಿಯೂ ಇರಬೇಕು, ತಿನ್ನಲು ಯೋಗ್ಯವಾಗಿಯೂ ಇರಬೇಕು.

ಈ ಸಮಸ್ಯೆ ಬಹಳ ಹಳೆಯದು. ಇಟಲಿಯಲ್ಲಿ 1555ರಲ್ಲಿ ಪ್ರಕಟವಾದ, ಅಲೆಸ್ಸಿಯೋ ಪಿಯೆಮೊಂಟೇಸೆ ಎಂಬ ಹೆಸರಿನ 'ರಹಸ್ಯಗಳ' ಗ್ರಂಥದಲ್ಲಿ ಸಕ್ಕರೆಯ ಕಣಕದಿಂದ ಹಣ್ಣು, ತಟ್ಟೆ, ಬಟ್ಟಲುಗಳನ್ನು ಮಾಡುವ ಕ್ರಮವನ್ನು ಹೇಳಿದೆ. ಊಟ ಮುಗಿದ ಮೇಲೆ ಅತಿಥಿಗಳು ಆ ತಟ್ಟೆ ಬಟ್ಟಲುಗಳನ್ನೇ ತಿಂದುಬಿಡಬಹುದಾಗಿತ್ತು. ಆ ಕಣಕಕ್ಕೆ ಬಿಗಿಯನ್ನು ಕೊಟ್ಟುದು ಟ್ರಾಗಕಾಂತ್ ಎಂಬ ಅಂಟು. ಇರಾನ್, ತುರ್ಕಿ ಮೊದಲಾದ ಒಣನಾಡುಗಳಲ್ಲಿ ಬೆಳೆಯುವ ಮುಳ್ಳುಪೊದೆಗಳಿಂದ ಅದನ್ನು ಸಂಗ್ರಹಿಸುತ್ತಾರೆ. ಮುಂದೆ ಫ್ರಾನ್ಸಿನಲ್ಲಿ ಆಂಟೊನಿನ್ ಕರೇಮ್ ಎಂಬ ಪ್ರಸಿದ್ಧ ಬಾಣಸಿಗನು, ಈತನು 1833ರಲ್ಲಿ ತೀರಿಕೊಂಡನು, ಮಂಟಪಗಳನ್ನೂ ಗೋಪುರಗಳನ್ನೂ ಸಕ್ಕರೆಯಲ್ಲಿ ನಿರ್ಮಿಸಿ ಔತಣದ ಮೇಜುಗಳನ್ನು ಅಲಂಕರಿಸಿದನು. ಜಾಲಿಯ ಜಾತಿಗೆ ಸೇರಿದ ಮರದಿಂದ ಒಸರುವ ಅರಬ್ಬೀ ಗೋಂದು ಕೂಡ ಮಿಠಾಯಿಗಾರರ ಕೈಗೆ ಬಂದ ಹಳೆಯ ಪದಾರ್ಥವೇ. ಸುಡಾನ್ ದೇಶ ಅದಕ್ಕೆ ಹೆಸರಾಗಿದೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಹೆಸರು ಉದ್ದವಾದುದರಿಂದ ಇದನ್ನು ಸಿ.ಎಂ.ಸಿ. ಎಂದು ಕರೆಯುವುದು ರೂಢಿ. ಅಂಗಡಿಗಳಲ್ಲಿ ಟೈಲೋಸ್ ಪುಡಿ ಎಂಬ ಹೆಸರೂ ಉಂಟು. ಹತ್ತಿಯ ನಾರಿನಲ್ಲಿಯೂ ಮರದ ತಿರುಳಿನಲ್ಲಿಯೂ ಇರುವ ಸೆಲ್ಯುಲೋಸ್ ನೀರಿನಲ್ಲಿ ಕರಗುವುದಿಲ್ಲ. ಕರಗುವುದಾಗಿದ್ದರೆ ನಾವು ತೊಟ್ಟ ಹತ್ತಿಯ ಬಟ್ಟೆ ಮೊದಲ ಮಳೆಗೇ ಕರಗಿಹೋಗಬೇಕಾಗಿತ್ತು. ರಾಸಾಯನಿಕ ಕ್ರಿಯೆಯಿಂದ ಆ ಸೆಲ್ಯುಲೋಸಿನ ಅಣುಗಳಿಗೆ ನೀರನ್ನು ಒಲಿಯುವ ಗುಂಪುಗಳನ್ನು ಜೋಡಿಸಿದಾಗ ಅದು ಕರಗುವ ಸಿ.ಎಂ.ಸಿ. ಆಗುತ್ತದೆ. ಶುದ್ಧಗೊಳಿಸಿದ ಆಹಾರ ದರ್ಜೆಯ ಪುಡಿಯನ್ನು ತಿನಿಸುಗಳಲ್ಲಿ ಬಳಸಲು ಅನುಮತಿಯಿದೆ. ಪೊಟ್ಟಣಗಳ ಮೇಲೆ ಇದರ ಗುರುತಿನ ಸಂಖ್ಯೆ 466.

ಈ ಪುಡಿಯಿಂದ ಅಂಟನ್ನು ಮಾಡುವ ವಿಧಾನ ಸರಳವಾದುದು. ಎರಡು ದೊಡ್ಡ ಚಮಚ, ಎಂದರೆ 30 ಮಿಲಿಲೀಟರ್ ನೀರನ್ನು ಕುದಿಸಿ ಆರಿಸಬೇಕು. ಮುಚ್ಚಳವಿರುವ ಶುಚಿಯಾದ ಸಣ್ಣ ಸೀಸೆಗೆ ಅದನ್ನು ಸುರಿದು, ಕಾಲು ಟೀ ಚಮಚದಷ್ಟು ಪುಡಿಯನ್ನು ಮೇಲಿನಿಂದ ಉದುರಿಸಿ, ಮುಚ್ಚಿ ಚೆನ್ನಾಗಿ ಕುಲುಕಬೇಕು. ಆಗ ಪುಡಿ ಕರಗದೆ ಗಂಟುಗಂಟಾಗಿ ತೇಲುತ್ತದೆ. ಹೊಸಬರು ಇದನ್ನು ಕಂಡು ಕೆಲಸ ಕೆಟ್ಟಿತೆಂದು ಚೆಲ್ಲಿಬಿಡುವುದುಂಟು. ಆದರೆ ಇದು ಕೆಟ್ಟುದಲ್ಲ. ಕುದಿಯುವ ನೀರಿಗೆ ರಾಗಿಹಿಟ್ಟನ್ನು ಒಮ್ಮೆಲೇ ಸುರಿದಾಗ ಹೊರಗಿನ ಹಿಟ್ಟು ಬೆಂದು ಲೋಳೆಯಾಗಿ, ಒಳಗಿನ ಹಿಟ್ಟಿಗೆ ನೀರು ಹೋಗದಂತೆ ತಡೆದು ಗಂಟಾಗುವುದನ್ನು ನಾವು ಕಂಡಿದ್ದೇವೆ. ಇಲ್ಲಿಯೂ ನೀರನ್ನು ಹೀರಿ ಉಬ್ಬಿದ ಹೊರಪದರವು ಒಳಗಿನ ಪುಡಿಗೆ ಬೇಲಿಯಾಗುತ್ತದೆ. ಕಾಲವೊಂದೇ ಆ ಬೇಲಿಯನ್ನು ತೆಗೆಯಬಲ್ಲುದು. ಸೀಸೆಯನ್ನು ಒಂದು ರಾತ್ರಿ ತಂಪುಪೆಟ್ಟಿಗೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಗಂಟುಗಳು ತಾವಾಗಿ ಕರಗಿ, ತಿಳಿಯಾದ, ತೆಳುಪಾಕದಂತಹ ಅಂಟು ದೊರೆಯುತ್ತದೆ. ಗಟ್ಟಿಯೆನಿಸಿದರೆ ಕೆಲವು ಹನಿ ನೀರನ್ನೂ, ತೆಳುವೆನಿಸಿದರೆ ಚಿಟಿಕೆ ಪುಡಿಯನ್ನೂ ಸೇರಿಸಬಹುದು. ಇದರಲ್ಲಿ ಕೆಡದಂತೆ ಕಾಪಾಡುವ ವಸ್ತುಗಳಿಲ್ಲವಾದುದರಿಂದ ತಂಪಿನಲ್ಲಿಯೇ ಇಟ್ಟು ಒಂದು ವಾರದೊಳಗೆ ಬಳಸಿ ಮುಗಿಸಬೇಕು. ಬೂಸ್ಟು ಅಥವಾ ಕೆಟ್ಟ ವಾಸನೆ ಕಂಡರೆ ಚೆಲ್ಲಬೇಕು.

ಇಷ್ಟು ತೆಳುವಾದ ದ್ರವ ಎಸಳುಗಳನ್ನು ಹೇಗೆ ಹಿಡಿಯುತ್ತದೆ? ಅಂಟನ್ನು ಸವರಿದೊಡನೆ ಅದರಲ್ಲಿರುವ ನೀರು ಎರಡೂ ತುಂಡುಗಳ ಮೇಲ್ಮೈಯಲ್ಲಿರುವ ಸಕ್ಕರೆಯನ್ನು ಕೂದಲೆಳೆಯಷ್ಟು ಕರಗಿಸುತ್ತದೆ. ಎರಡು ಮೇಲ್ಮೈಗಳ ಪಾಕವೂ ಒಂದಾಗುತ್ತದೆ. ಉದ್ದನೆಯ ಸರಪಳಿಗಳಂತಿರುವ ಅಂಟಿನ ಅಣುಗಳು ಆ ಪಾಕದಲ್ಲಿ ಹೆಣೆದುಕೊಂಡು, ತುಂಡು ಜಾರದಂತೆ ತಡೆಯುತ್ತವೆ. ಕ್ರಮೇಣ ನೀರು ಕಣಕದೊಳಕ್ಕೆ ಇಂಗಿ, ಗಾಳಿಗೂ ಆರಿಹೋಗುತ್ತದೆ. ಕೊನೆಗೆ ಸಕ್ಕರೆ ಗಟ್ಟಿಯಾಗಿ, ಅಂಟಿನ ಅಣುಗಳು ತೆಳುಪೊರೆಯಾಗಿ ಉಳಿಯುತ್ತವೆ. ಹೀಗೆ ಸಕ್ಕರೆಯನ್ನು ಹಿಡಿಯುವ ಕೆಲಸದಲ್ಲಿ ಸಕ್ಕರೆಯೇ ಪಾಲುಗೊಳ್ಳುತ್ತದೆ.

ಇದನ್ನು ತಿಳಿದವರಿಗೆ ಅಂಟನ್ನು ಹದವರಿತು ಬಳಸಬೇಕೆಂಬುದು ತಾನಾಗಿ ಹೊಳೆಯುತ್ತದೆ. ಹೆಚ್ಚು ಅಂಟು ಹಚ್ಚಿದರೆ ಹೆಚ್ಚು ಬಿಗಿ ಎಂಬುದು ತಪ್ಪು ಕಲ್ಪನೆ. ಅಂಟು ಹೆಚ್ಚಾದಷ್ಟೂ ನೀರು ಹೆಚ್ಚು. ನೀರು ಹೆಚ್ಚಾದಷ್ಟೂ ಸಕ್ಕರೆ ಕರಗಿ, ತುಂಡು ಜಾರಿ, ಮೇಲೆ ಹೊಳೆಯುವ ಕಲೆಗಳು ಉಳಿಯುತ್ತವೆ. ಆದುದರಿಂದ ನವುರಾದ ಕುಂಚದಿಂದ ತೆಳ್ಳಗೆ ಸವರಿ, ಜಿಗುಟು ಬರುವವರೆಗೆ ಒಂದು ನಿಮಿಷ ತಾಳಿ, ಅನಂತರ ತುಂಡನ್ನಿಟ್ಟು ಸ್ವಲ್ಪ ಹೊತ್ತು ಮೆಲ್ಲನೆ ಒತ್ತಿ ಹಿಡಿಯಬೇಕು. ಭಾರವಾದ ಭಾಗಗಳಿಗೆ ಆರುವವರೆಗೂ ಆಸರೆ ಕೊಡಬೇಕು. ಮೊದಲೇ ಒಣಗಿದ ತುಂಡುಗಳಿಗೆ ತೆಳುವಾದ ಅಂಟು ಸಾಲದು. ಚೂರು ಫಾಂಡೆಂಟನ್ನು ಅಂಟಿನೊಡನೆ ಮಸೆದು ಮಾಡಿದ ಗಟ್ಟಿಯಾದ ಲೇಪವನ್ನು ಬಳಸಬೇಕು. ಸಕ್ಕರೆ ಗಾಳಿಯ ತೇವವನ್ನು ಹೀರುವ ವಸ್ತುವಾದುದರಿಂದ ಮಳೆಗಾಲದಲ್ಲಿಯೂ ಕರಾವಳಿಯಲ್ಲಿಯೂ ಆರಲು ಹೆಚ್ಚು ಕಾಲ ಬೇಕಾಗುತ್ತದೆ.

ಕುಶಲತೆಯ ಮಾತು ಇಷ್ಟು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕೇಕಿನ ಬಣ್ಣ, ಆಕಾರಗಳು ತಿನ್ನುವವನ ಕಣ್ಣಿಗೆ ಕಾಣುತ್ತವೆ. ಒಳಗಿನ ಅಂಟು ಕಾಣುವುದಿಲ್ಲ. ಹಿಂದಿನಿಂದಲೂ ಕೆಲವರು ಮೊಟ್ಟೆಯ ಬಿಳಿಯನ್ನು ಅಂಟಾಗಿ ಬಳಸುತ್ತ ಬಂದಿದ್ದಾರೆ. ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಬೇಯದ ಮೊಟ್ಟೆಯಲ್ಲಿ ರೋಗಾಣುಗಳಿರಬಹುದು. ಅಷ್ಟೇ ಅಲ್ಲ, ಮೊಟ್ಟೆಯಿಲ್ಲದ ಕೇಕನ್ನೇ ಕೇಳಿ ಕೊಂಡವನ ಮುಂದೆ ಮೊಟ್ಟೆಯ ಬಿಳಿಯಿಂದ ಹೂವನ್ನು ಹಚ್ಚಿದ ಕೇಕನ್ನಿಟ್ಟರೆ, ಅವನು ಅದನ್ನು ಎಂದಿಗೂ ಕಂಡುಹಿಡಿಯಲಾರನಾದರೂ, ಅದು ಮೋಸವೇ. ಸಿ.ಎಂ.ಸಿ. ಸಸ್ಯಮೂಲದ್ದಾದುದರಿಂದ ಈ ತೊಡಕು ಅದಕ್ಕಿಲ್ಲ. ಗೊಂಬೆಯ ತಲೆ ನಿಲ್ಲಲೆಂದು ಒಳಗೆ ಕಡ್ಡಿಯನ್ನು ಚುಚ್ಚಿ, ಅದನ್ನು ಹೇಳದೆ ಮಗುವಿನ ಕೈಗೆ ಕೊಡುವುದು ಇನ್ನೂ ಅಪಾಯಕರ.

ಅಂಟಿನ ಮೇಲೆ ಹೊಳಪಿನ ಪುಡಿಯನ್ನು ಉದುರಿಸುವ ಪದ್ಧತಿಯೂ ಇದೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 2018ರಲ್ಲಿ ಹುಟ್ಟುಹಬ್ಬದ ಕೇಕನ್ನು ತಿಂದ 6 ಮಕ್ಕಳು ವಾಂತಿಭೇದಿಗಳಿಂದ ನರಳಿದರು. ಅವರಲ್ಲಿ ಚಿಕ್ಕ ಮಗುವಿಗೆ 1 ವರ್ಷ, ಎಲ್ಲರಿಗಿಂತ ಹಿರಿಯ ಮಗುವಿಗೆ 11 ವರ್ಷ. ಆರೋಗ್ಯ ಇಲಾಖೆಯವರು ಪರೀಕ್ಷಿಸಿದಾಗ, ಕೇಕಿನ ಮೇಲೆ ಬಳಿದಿದ್ದ ಹೊನ್ನಿನ ಬಣ್ಣದ ಹೊಳಪುಪುಡಿಯಲ್ಲಿ ತಾಮ್ರ ಹೇರಳವಾಗಿದ್ದುದು ತಿಳಿದುಬಂದಿತು. ಇಂತಹ ಪುಡಿಗಳಲ್ಲಿ ಕೆಲವು ನೋಟಕ್ಕಾಗಿ ಮಾತ್ರ ತಯಾರಾದವು. 'ವಿಷಕರವಲ್ಲ' ಎಂದು ಬರೆದಿರುವುದೆಲ್ಲ 'ತಿನ್ನಲು ಯೋಗ್ಯ' ಎಂದಾಗುವುದಿಲ್ಲ. ಶಾಲೆಯಲ್ಲಿ ಬಳಸುವ ಗೋಂದಿನ ಸೀಸೆಯ ಮೇಲೂ ವಿಷಕರವಲ್ಲವೆಂದು ಬರೆದಿರಬಹುದು. ಹಾಗೆಂದು ಅದನ್ನು ಯಾರೂ ತಿನಿಸಿಗೆ ಬೆರೆಸುವುದಿಲ್ಲ. ಪೊಟ್ಟಣದ ಮೇಲೆ ಅದರಲ್ಲಿರುವ ಪದಾರ್ಥಗಳ ಪಟ್ಟಿ ಇದೆಯೇ, ಅದು ಆಹಾರಕ್ಕೆಂದೇ ತಯಾರಾದುದೇ ಎಂಬುದನ್ನು ಓದಿ ನೋಡಿ ಕೊಳ್ಳಬೇಕು.

ಹುಟ್ಟುಹಬ್ಬದ ದಿನ ಕೇಕಿನ ಮೇಲಿನ ಸಕ್ಕರೆಯ ಹೂವಿಗಾಗಿ ಮಕ್ಕಳು ಪೈಪೋಟಿ ಮಾಡುತ್ತಾರೆ. ಗೆದ್ದ ಮಗು ಹೂವನ್ನು ತಿರುಗಿಸಿಯೂ ನೋಡದೆ ಬಾಯಿಗೆ ಹಾಕಿಕೊಳ್ಳುತ್ತದೆ. ಹೂವಿನೊಡನೆ ಅದನ್ನು ಹಿಡಿದಿದ್ದ ಅಂಟೂ ಮಗುವಿನ ಹೊಟ್ಟೆಯನ್ನು ಸೇರುತ್ತದೆ. ಮಾಡಿದವರನ್ನು ನಂಬಿಯೇ ಮಗು ತಿನ್ನುತ್ತದೆ. ಆ ನಂಬಿಕೆಗೆ ತಕ್ಕಂತೆ, ಕಣ್ಣಿಗೆ ಬೀಳದ ಕಡೆಯಲ್ಲಿಯೂ ಶುಚಿಯಾದುದನ್ನೇ ಬಳಸುವುದು ತಿನಿಸನ್ನು ಮಾಡುವವರೆಲ್ಲರ ಮೊದಲ ಕರ್ತವ್ಯ.